ಬೆರಳಿಗೆ ಎಟುಕುವ ಸ್ವಿಚ್ಚು

ಮಾರ್ಚ್ ೩, ಬೆಳಿಗ್ಗೆ

ಮತ್ತೆ ಹ್ಯಾಂಗ್ ಆಯಿತು. ನಕ್ಷೆಯಲ್ಲಿ ಹಿಂದಿನ ಕೋಣೆಯ ಮೂರು ಗೋಡೆ ಎಳೆದಿದ್ದೆ. ನಾಲ್ಕನೆಯದನ್ನು ಮೂಲೆಗೆ ಕೂಡಿಸುವಷ್ಟರಲ್ಲಿ ಪರದೆ ಬೆಳ್ಳಗೆ. ಸೇವ್ ಮಾಡಿರಲಿಲ್ಲ. ಪುಸ್ತಕಗಳ ಕರಡು ತಿದ್ದುವುದಕ್ಕೆಂದು ಕೊಂಡ ಕಂಪ್ಯೂಟರು ಇದು. ಅಕ್ಷರ ಎಷ್ಟಾದರೂ ಹೊರುತ್ತದೆ, ಗೋಡೆ ಹೊರುವುದಿಲ್ಲ.

ನಕ್ಷೆ ಬೇಕೇ ಬೇಕು. ಇವರನ್ನು ಮನೆಗೆ ಕಳಿಸಬೇಕಾದರೆ ಉಸಿರಾಟದ ಮೆಷಿನ್ನಿಗೆ ಬೇರೆ ಲೈನು, ಸರಿಯಾದ ಅರ್ಥಿಂಗು, ಕರೆಂಟು ಹೋದ ಕೂಡಲೆ ಹಿಡಿಯುವ ಇನ್ವರ್ಟರು... ಎಲ್ಲೆಲ್ಲಿ ಏನಿರುತ್ತದೆ ಎಂದು ಬರೆದು ತೋರಿಸಿ ಅಂದಿದ್ದಾರೆ ಆಸ್ಪತ್ರೆಯವರು.

ಈ ಮನೆಯ ವೈರಿಂಗ್ ಪೂರ್ತಿ ಇವರದೇ. ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದವರು, ಸ್ವಂತ ಮನೆಗೆ ಬೇರೆಯವರ ಕೈ ತಾಗಿಸಲಿಲ್ಲ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಇವರ ತಲೆಯಲ್ಲಿ ಮಾತ್ರ ಇದೆ. ತಲೆ ಚೆನ್ನಾಗಿದೆ. ಮಿಕ್ಕಿದ್ದನ್ನೆಲ್ಲ ನರದ ಕಾಯಿಲೆ ತಿಂದಿತು. ಕಾಲು, ಕೈ, ಆಮೇಲೆ ಮಾತು. ಈಗ ಉಳಿದಿರುವುದು ಕಣ್ಣು ಮತ್ತು ಎಡಗೈಯ ತೋರುಬೆರಳು. ರೆಪ್ಪೆ ಒಮ್ಮೆ ಮುಚ್ಚಿದರೆ ಹೌದು. ಎರಡು ಸಲ ಮುಚ್ಚಿದರೆ ಇಲ್ಲ.

ನಾದಿನಿಯ ಫೋನ್. "ಅತ್ತಿಗೆ, ಅಲ್ಲೇ ಆಸ್ಪತ್ರೇಲೇ ಇರ್ಲಿ ಬಿಡಿ ಅಣ್ಣ. ನಿಮಗೆ ಬಲ್ಬ್ ಬದಲಾಯಿಸೋಕ್ಕೂ ಬರಲ್ಲ."

ನಿಜ. ಬರುವುದಿಲ್ಲ.

ಮಾರ್ಚ್ ೪

ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡಿದೆ. ಗ್ರಾಫಿಕ್ಸ್ ಹಳೆಯದಂತೆ, ಮೆಮೊರಿ ಸಾಲದಂತೆ. "ಹೊಸದು ಹಾಕ್ಸೋದು ಆಮೇಲೆ ನೋಡೋಣ ಮೇಡಂ. ಸದ್ಯಕ್ಕೆ ಸೆಟ್ಟಿಂಗ್ಸಲ್ಲಿ ನೆರಳು ಆಫ್ ಮಾಡಿ. ಆಗ ಪರದೆ ಮೇಲೆ ಮನೆ ಸಲೀಸಾಗಿ ತಿರುಗುತ್ತೆ."

ಆಫ್ ಮಾಡಿದೆ. ತಿರುಗಿತು. ಯಾವ ವಸ್ತುವಿಗೂ ನೆರಳಿಲ್ಲದ ಮನೆ. ಮಂಚ ನೆಲಕ್ಕೆ ತಾಗಿದೆಯೋ ತೇಲುತ್ತಿದೆಯೋ ತಿಳಿಯುವುದಿಲ್ಲ.

ಸಾಫ್ಟ್‌ವೇರಿನ ಸಾಮಾನುಗಳಲ್ಲಿ ಸೋಫಾ ಇದೆ, ಪಿಯಾನೋ ಇದೆ, ಈಜುಕೊಳ ಇದೆ. ಉಸಿರಾಟದ ಮೆಷಿನ್ ಇಲ್ಲ. ಅದರ ಜಾಗಕ್ಕೆ ಪುಟ್ಟ ಫ್ರಿಜ್ ಇಟ್ಟೆ.

ಮನೆಯೊಳಗೆ ನಡೆದಾಡಿ ನೋಡುವ ಒಂದು ಸೌಕರ್ಯವಿದೆ. ನೋಡುವವರ ಕಣ್ಣಿನ ಎತ್ತರ ನಾವೇ ಕೊಡಬೇಕು. ಮೊದಲು ನನ್ನ ಎತ್ತರ ಕೊಟ್ಟೆ. ಆಮೇಲೆ ಯೋಚಿಸಿ ದಿಂಬಿನ ಎತ್ತರಕ್ಕೆ ಇಳಿಸಿದೆ. ಕೋಣೆ ಬೇರೆಯೇ ಆಯಿತು. ಬರೀ ಸೂರು, ಫ್ಯಾನಿನ ಅಡಿ, ಕಿಟಕಿಯ ಮೇಲಂಚು. ಹಾಗೇ ನೋಡುತ್ತ ಕೂತೆ. ಇವರಿಗೆ ಮಿಕ್ಕಿರುವುದು ಇಷ್ಟೇ ಆದರೆ ಆ ಕಿಟಕಿಯಲ್ಲಿ ಆಕಾಶವಾದರೂ ಇರಲಿ. ಮಂಚವನ್ನು ತಿರುಗಿಸಿದೆ. ತುಸು ನೀಲಿ ಸಿಕ್ಕಿತು.

ಮಾರ್ಚ್ ೬, ಸಂಜೆ

ಲ್ಯಾಪ್‌ಟಾಪಿಗೆ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆ. ಇವರ ಕಣ್ಣಿನೆದುರು ಹಿಡಿದು ಕೋಣೆಯನ್ನು ನಿಧಾನವಾಗಿ ತಿರುಗಿಸಿದೆ. "ನೋಡಿ, ಮಲಗಿದಲ್ಲಿಂದಲೇ ಆಕಾಶ ಕಾಣತ್ತೆ."

ಎರಡು ಸಲ ರೆಪ್ಪೆ. ಇಲ್ಲ.

ಮಂಚ ಬಾಗಿಲ ಕಡೆಗೆ? ಇಲ್ಲ. ಗೋಡೆಗೆ ತಿಳಿ ಹಸಿರು? ಇಲ್ಲ. ಕಿಟಕಿಗೆ ಪರದೆ? ಇಲ್ಲ, ಇಲ್ಲ.

ಬಗ್ಗಿ ನೋಡುತ್ತಿದ್ದ ನಾದಿನಿ ಸುಮ್ಮನಿರಲಿಲ್ಲ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಅಣ್ಣನಿಗೆ ಉಸಿರು ಸಿಗ್ತಿಲ್ಲ, ನೀವು ಪರದೆ ಬಣ್ಣ ಕೇಳ್ತಿದೀರ. ಅಲ್ಲಾ, ತಲೆ ಹತ್ರ ಫ್ರಿಜ್ ಯಾಕೆ?"

"ಅದು ಫ್ರಿಜ್ ಅಲ್ಲಮ್ಮ. ಮೆಷಿನ್ನು."

"ನೋಡೋಕೆ ಫ್ರಿಜ್ಜೇ."

ಇವರ ಕಣ್ಣಂಚು ಸುಕ್ಕಾಯಿತು. ನಗು. ಎಷ್ಟು ದಿನವಾಗಿತ್ತು ಅದನ್ನು ನೋಡಿ. ಮರುಕ್ಷಣ ನನ್ನನ್ನೇ ನೋಡಿದರು, ಕೋಪದಿಂದ. ಮದುವೆಯಾದ ಹೊಸದರಲ್ಲಿ ನನಗೆ 'ಪದ್ಯ' ಎಂದು ಹೆಸರಿಟ್ಟಿದ್ದರು. ಫ್ಯೂಸ್ ಹೋದಾಗ ನಾನು ಕತ್ತಲೆಯ ಬಗ್ಗೆ ಏನಾದರೂ ಹೇಳಿದರೆ, "ಪದ್ಯಾ, ಟಾರ್ಚ್ ಹಿಡಿ" ಎನ್ನುತ್ತಿದ್ದರು. ಇಂದಿನ ನೋಟ ಅದೇ.

ಟಾರ್ಚ್ ಎಲ್ಲಿ ಹಿಡಿಯಬೇಕು ಎಂಬುದೇ ಗೊತ್ತಾಗಲಿಲ್ಲ.

ಮಾರ್ಚ್ ೯

ಟೆಸ್ಟರ್ ಬಂದಿದ್ದ. ಕಾರ್ಖಾನೆಯಲ್ಲಿ ಇವರ ಕೈಕೆಳಗೆ ಕೆಲಸ ಕಲಿತ ಎಲೆಕ್ಟ್ರಿಷಿಯನ್. ಮಲಗುವಾಗಲೂ ಜೇಬಿನಲ್ಲಿ ಟೆಸ್ಟರ್ ಇರುತ್ತದೆಂದು ಇವರೇ ಇಟ್ಟ ಹೆಸರು, ಈಗ ತಲೆ ನರೆತರೂ ಅದೇ ಹೆಸರು.

ಹಿಂದಿನ ಕೋಣೆಯ ಬೋರ್ಡ್ ಬಿಚ್ಚಿ ನಿಂತವನು ಬೆವೆತುಹೋದ. "ಅಕ್ಕಾ, ಸಾಹೇಬ್ರು ಹಾಕಿರೋ ವೈರು ಮುಟ್ಟೋಕೆ ಈಗ್ಲೂ ಭಯ. ಹಿಂದಿಂದ ಬಂದು ಕಿವಿ ಹಿಂಡ್ತಾರೇನೋ ಅನ್ಸತ್ತೆ."

"ಬಂದು ಹಿಂಡಿದರೆ ನಿನಗೆ ಸಿಹಿ ಹಂಚ್ತೀನಪ್ಪ."

ನಕ್ಕ. ಆಮೇಲೆ ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿಕೊಂಡ. ಭುಜ ಅಲುಗುತ್ತಿತ್ತು. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ.

ಅರ್ಥಿಂಗ್ ತಂತಿ ಹೂತಿರುವ ಗುಂಡಿ ಒಣಗಿದೆಯಂತೆ. ಇಬ್ಬರೂ ಸೇರಿ ನೀರು ಹೊಯ್ದೆವು, ಬಿಂದಿಗೆಯ ಮೇಲೆ ಬಿಂದಿಗೆ. ಮಣ್ಣು ಕುಡಿಯುತ್ತಲೇ ಇತ್ತು.

ಮಾರ್ಚ್ ೧೧

ಕೈತಪ್ಪಿ ಗೊತ್ತಾಯಿತು.

ವಾರ್ಡಿನಲ್ಲಿ ಕೋಣೆಯನ್ನು ತಿರುಗಿಸಲು ಹೋಗಿ ಬೇರೆ ಯಾವುದೋ ಕೀ ಒತ್ತಿದೆ. ಗೋಡೆ, ಬಣ್ಣ, ಆಕಾಶ ಎಲ್ಲ ಮಾಯ. ಮೇಲಿನಿಂದ ನೋಡಿದ ಬರೀ ಗೆರೆಯ ನಕ್ಷೆ ಬಂತು: ಬೋರ್ಡು, ಪಾಯಿಂಟು, ಲೈನು. ಮುಚ್ಚಲು ಹೋದೆ. ಇವರ ಬೆರಳು ಹಾಸಿಗೆಯನ್ನು ಕೆರೆಯಿತು. ಬೇಡ, ಬಿಡು. ಕಣ್ಣು ಗೆರೆಗಳ ಮೇಲೆ ನಿಂತಿತ್ತು.

ಇಷ್ಟು ದಿನ ಸೂಪರ್‌ವೈಸರಿಗೆ ಚಿತ್ರ ತೋರಿಸುತ್ತಿದ್ದೆ. ಅವರಿಗೆ ಬೇಕಾಗಿದ್ದು ನಕ್ಷೆ.

ಅಕ್ಷರದ ಹಲಗೆ ತೆಗೆದೆ. ಒಂದೊಂದೇ ಸಾಲಿನ ಮೇಲೆ ನನ್ನ ಬೆರಳು ಓಡಿಸಬೇಕು, ಬೇಕಾದ ಅಕ್ಷರಕ್ಕೆ ಇವರು ರೆಪ್ಪೆ ಮುಚ್ಚಬೇಕು. ಬಹಳ ಹೊತ್ತು ಹಿಡಿಯಿತು.

ಮೆಷಿನ್ ಸ್ವಿಚ್.

"ಇಲ್ಲಿದೆ ನೋಡಿ, ತಲೆ ಹಿಂದಿನ ಗೋಡೇಲಿ. ನನ್ನ ಕೈಗೆ ಸಿಗೋ ಹಾಗೆ."

ಇಲ್ಲ.

"ಇನ್ನೂ ಕೆಳಗೆ ಬೇಕಾ?"

ಇಲ್ಲ. ಮತ್ತೆ ಹಲಗೆ.

ನನ್ನ ಬೆರಳಿಗೆ.

ಕರೆಯುವ ಬೆಲ್ಲಿನ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡೆ. "ಬೆಲ್ ಸ್ವಿಚ್ ಬೆರಳ ಹತ್ರ ಇರತ್ತೆ ಕಣ್ರೀ." ಇಲ್ಲ. ಮೆಷಿನ್ನಿನದು. ಅದನ್ನು ಆರಿಸುವ ಸ್ವಿಚ್ಚು.

ಲ್ಯಾಪ್‌ಟಾಪ್ ಬಿಸಿಯಾಗಿತ್ತು. ತೊಡೆ ಸುಡುತ್ತಿತ್ತು, ಹಾಗೇ ಕೂತಿದ್ದೆ. "ನಾನಿದ್ದೀನಲ್ಲ" ಅಂದೆ. ಏನು ಹೇಳುತ್ತಿದ್ದೇನೆಂದು ಬಾಯಿಂದ ಬಂದ ಮೇಲೆ ತಿಳಿಯಿತು.

ಇವರು ಕಣ್ಣು ಹಲಗೆಯ ಮೇಲಿಟ್ಟರು. ನಾನು ಬೆರಳು ಓಡಿಸಿದೆ.

ನಿನ್ನ ಕೈ ಬೇಡ.

ಮಾರ್ಚ್ ೧೫

ಬರೆಯಲಾಗಲಿಲ್ಲ. ದಿನಾ ಹೋಗಿ ಬಂದೆ. ಹಲಗೆ ತೆಗೆಯಲಿಲ್ಲ. ಇವರೂ ಕೇಳಲಿಲ್ಲ.

ಮಾರ್ಚ್ ೧೬

ಟೆಸ್ಟರಿಗೆ ಹೇಳಿದೆ. ಯಾರಿಗಾದರೂ ಹೇಳಲೇಬೇಕಿತ್ತು.

"ಅಕ್ಕಾ, ನಾನು ಮಾಡಲ್ಲ." ಕೈಲಿದ್ದ ಪ್ಲಯರ್ ಕೆಳಗಿಟ್ಟ. "ಸಾಹೇಬ್ರು ಹೇಳಿದ್ದಕ್ಕೆ ಯಾವತ್ತೂ ಇಲ್ಲ ಅಂದಿಲ್ಲ ನಾನು. ಇದು ಮಾತ್ರ... ಅವರ ಕಾಲು ಬೇಕಾದ್ರೆ ಹಿಡೀತೀನಿ."

ನಾದಿನಿ ಅಡುಗೆಮನೆಯಲ್ಲಿದ್ದಳು. ಕೇಳಿಸಿಕೊಂಡಳು. ಸೌಟು ಹಿಡಿದೇ ಬಂದಳು.

"ಅಣ್ಣ ಅಂಥವನಲ್ಲ. ನಿಮ್ಮ ಆ ಪದ್ಯದ ಪುಸ್ತಕಗಳಿವೆಯಲ್ಲ, ಸಾವು ಸಂಜೆ ಅಂತ, ಅವನ್ನ ಓದಿ ಓದಿ ತಲೆ ಕೆಡಿಸಿದ್ದು ನೀವೇ."

"ನಿಮ್ಮಣ್ಣ ನಾನು ಓದಿದ್ದನ್ನ ಯಾವತ್ತು ಕೇಳಿದಾರಮ್ಮ? ಎರಡನೇ ಸಾಲಿಗೆ ಗೊರಕೆ ಹೊಡೀತಿದ್ರು."

ನಗಬಾರದಿತ್ತು. ಇಬ್ಬರಿಗೂ ನಗು ಬಂತು. ಮೊದಲು ಅತ್ತವಳು ಅವಳು.

ಸಂಜೆ ವಾರ್ಡಿಗೆ ಅವಳೇ ಮುಂದಾಗಿ ನಡೆದಳು. ನೇರ ಕೇಳಿದಳು. "ಅಣ್ಣಾ, ನಿಜವಾಗ್ಲೂನಾ?"

ಒಂದು ಸಲ ರೆಪ್ಪೆ. ನಿಧಾನವಾಗಿ, ತಪ್ಪಿಗೆ ಎಡೆಯಿಲ್ಲದಂತೆ.

ಅವಳು ಇವರ ಪಾದ ನೀವುತ್ತ ಕೂತಳು. ಬಸ್ಸಿನಲ್ಲಿ ಬರುವಾಗ ಕೇಳಿದಳು, "ಇವತ್ತೇ ಅಂತೇನಿಲ್ಲ ತಾನೇ?" ಇಲ್ಲ ಅಂದೆ. ನನಗೇನು ಗೊತ್ತು.

ಮಾರ್ಚ್ ೧೯

ಡಾಕ್ಟರಮ್ಮನ ಮುಂದೆ ಕೂತೆ. ಮೊದಮೊದಲು ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ನೋಡೋಣ, ಧೈರ್ಯವಾಗಿರಿ... ನಾನು ನಕ್ಷೆ ತೆರೆದು ಇವರು ಸ್ವಿಚ್ ಕೇಳಿದ ಜಾಗ ತೋರಿಸಿದೆ. ಅವರು ಕನ್ನಡಕ ತೆಗೆದಿಟ್ಟು ಇವರ ಹಾಸಿಗೆಯ ಬಳಿಗೇ ಬಂದರು.

"ನೋಡಿ ಸಾರ್, ಮೆಷಿನ್ ಬೇಡ ಅನ್ನೋ ಹಕ್ಕು ನಿಮ್ಮದು. ಆದ್ರೆ ಸ್ವಿಚ್ ಬೇಡ. ಸುಮ್ನೆ ಆರಿಸಿಬಿಟ್ರೆ ಒದ್ದಾಡ್ತೀರ, ಅದನ್ನ ಇವರು ನೋಡ್ಬೇಕಾಗತ್ತೆ. ಸಾಕು ಅನ್ನಿಸಿದ ದಿನ ಹೇಳಿ, ನಾನು ಬರ್ತೀನಿ. ಮೊದಲು ಔಷಧಿ ಕೊಡ್ತೀನಿ, ನಿದ್ದೆ ಬರತ್ತೆ. ಆಮೇಲೇನೇ ಮಾಸ್ಕ್ ತೆಗೆಯೋದು. ತೆಗೆಯೋಳು ನಾನು."

ಇವರು ನನ್ನ ಕಡೆ ನೋಡಿದರು. ಹೇಳುವುದು ಹೇಗೆ, ಎಂದು ಕೇಳುವ ನೋಟ. ಆ ದಿನ ನಾನು ಹಲಗೆ ತೆಗೆಯದೆ ಹೋದರೆ? ಈ ವಾರ ತೆಗೆಯಲಿಲ್ಲವಲ್ಲ. ಅವರಿಗೆ ನನ್ನ ಮೇಲೆ ಇದ್ದ ಅನುಮಾನ ಸರಿಯಾಗಿಯೇ ಇತ್ತು.

"ಬೆಲ್ ಇರತ್ತೆ" ಅಂದೆ. "ಒಂದು ಸಲ ಒತ್ತಿದ್ರೆ ಕಫ ತೆಗೀಬೇಕು ಅಂತ. ಎರಡು ಸಲ ಅಂದ್ರೆ ಮಗ್ಗುಲು. ಒತ್ತಿ ಹಿಡಿದೇ ಇದ್ರೆ... ನಾನು ಡಾಕ್ಟರಿಗೆ ಫೋನ್ ಮಾಡ್ತೀನಿ. ಬೇರೇನೂ ಕೇಳಲ್ಲ. ಬೆರಳು ನಿಮ್ಮದು. ಫೋನು ಅಷ್ಟೇ ನನ್ನದು."

ಇವರ ಕಣ್ಣು ನನ್ನ ಮೇಲೇ ಇತ್ತು. ನೀರು ಹೊಯ್ದ ಗುಂಡಿಯ ಹಾಗೆ ಇದ್ದೆ, ಏನೇ ಸುರಿದರೂ ತುಂಬದೆ.

ಒಂದು ಸಲ ರೆಪ್ಪೆ.

ಮಾರ್ಚ್ ೨೭

ಮನೆಗೆ ಬಂದರು.

ಹೊಸ ಲೈನು, ಇನ್ವರ್ಟರು ಎಲ್ಲ ಆಗಿದೆ. ಬೆಲ್ಲನ್ನೂ ಇನ್ವರ್ಟರಿಗೇ ಕೊಟ್ಟಿದ್ದಾನೆ ಟೆಸ್ಟರ್. ಬೆಲ್ಲಿನ ಸ್ವಿಚ್ಚನ್ನು ಇವರ ಬೆರಳಿನ ಕೆಳಗೆ ಪಟ್ಟಿ ಕಟ್ಟಿ ಕೂಡಿಸಿದ. "ಒಂದ್ಸಲ ಒತ್ತಿ ಸಾಹೇಬ್ರೆ."

ಟ್ರಿಣ್.

"ಪಾಸಾ ನಾನು?"

ಎರಡು ಸಲ ರೆಪ್ಪೆ. ಟೆಸ್ಟರಿನ ಮುಖ ಬಿತ್ತು. ಇವರ ಕಣ್ಣು ಗೋಡೆಯ ಕಡೆ. ಬೋರ್ಡ್ ಕೂದಲೆಳೆಯಷ್ಟು ವಾಲಿತ್ತು. ಗೊಣಗುತ್ತ ಬಿಚ್ಚಿ ಮತ್ತೆ ಕೂಡಿಸಿದ. ಆಗ ಒಂದು ಸಲ.

ಕಿಟಕಿಯಲ್ಲಿ ನಕ್ಷೆಯಲ್ಲಿದ್ದ ನೀಲಿ ಇಲ್ಲ. ಎದುರು ಮನೆಯವರ ನೀರಿನ ಟ್ಯಾಂಕು ಕಾಣುತ್ತದೆ. ಅದನ್ನು ನಾನು ಬರೆದೇ ಇರಲಿಲ್ಲ.

ಏಪ್ರಿಲ್ ೫

ಮೆಷಿನ್ ಉಸಿರೆಳೆಯುವ ಸದ್ದಿಗೆ ಮನೆ ಹೊಂದಿಕೊಂಡಿದೆ. ಅದರ ಲಯಕ್ಕೆ ನನ್ನ ಉಸಿರೂ ಬೀಳುತ್ತದೆ. ಗೊತ್ತಾದಾಗ ಬೇಕೆಂದೇ ತಪ್ಪಿಸುತ್ತೇನೆ.

ಮಧ್ಯಾಹ್ನ ಗಟ್ಟಿಯಾಗಿ ಓದುತ್ತಿದ್ದೆ, ನನ್ನ ಪಾಡಿಗೆ. ಟ್ರಿಣ್ ಟ್ರಿಣ್. ಓಡಿಹೋಗಿ ಮಗ್ಗುಲು ಬದಲಿಸಲು ಕೈ ಹಾಕಿದೆ. ಬೇಡವಂತೆ. ಪದ್ಯ ನಿಲ್ಲಿಸಬೇಕಂತೆ!

"ರಸಿಕರು" ಅಂದೆ. ಕಣ್ಣಂಚಿನ ಸುಕ್ಕು.

ಕರೆಂಟು ಹೋಯಿತು ಆಮೇಲೆ. ಫ್ಯಾನ್ ನಿಂತಿತು. ಮೆಷಿನ್ ನಿಲ್ಲಲಿಲ್ಲ. ಇವರು ನನ್ನನ್ನೇ ನೋಡುತ್ತಿದ್ದರು.

ಏಪ್ರಿಲ್ ೧೯

ಬೆಲ್ ಎರಡು ಸಲ ಬಾರಿಸಬೇಕಾದಲ್ಲಿ ಒಂದೇ ಬಂತು. ಬೆರಳು ಸೋಲುತ್ತಿದೆ. ಟೆಸ್ಟರ್ ಬಂದು ಮೆತ್ತನೆಯ ಬಟನ್ ಹಾಕಿಕೊಟ್ಟ. "ಇರುವೆ ಕೂತ್ರೂ ಬಾರಿಸತ್ತೆ ಇದು" ಅಂದ. ಇವರು ನಗಲಿಲ್ಲ. ಬೆರಳನ್ನೇ ನೋಡುತ್ತಿದ್ದರು, ಕೆಟ್ಟುಹೋಗುತ್ತಿರುವ ಸಲಕರಣೆಯನ್ನು ಸೂಪರ್‌ವೈಸರ್ ನೋಡುವ ಹಾಗೆ. ಇನ್ನೆಷ್ಟು ದಿನ ಬಾಳಿಕೆ ಬಂದೀತು.

ನನಗೂ ಅರ್ಥವಾಯಿತು. ಬೆರಳು ಹೋಗುವುದಕ್ಕೆ ಮೊದಲೇ ಒತ್ತಬೇಕು. ಆಮೇಲಾದರೆ ಹೇಳಿಕೆ ಪೂರ್ತಿ ನನ್ನ ಹಲಗೆಯ ಪಾಲಾಗುತ್ತದೆ. ಅದೇ ಇವರಿಗೆ ಬೇಡವಾಗಿರುವುದು.

ಏಪ್ರಿಲ್ ೨೮

ನಾದಿನಿ ಇಲ್ಲೇ ಇದ್ದಾಳೆ. ನಿನ್ನೆ ಅಣ್ಣನ ಗಡ್ಡ ಹೆರೆದಳು. ಇವರ ಬಾಲ್ಯದ ಕಳ್ಳತನಗಳನ್ನೆಲ್ಲ ನನಗೆ ಹೇಳಿಕೊಡುತ್ತ. ಇವರು ಇಲ್ಲ, ಇಲ್ಲ ಎಂದು ರೆಪ್ಪೆ ಬಡಿಯುತ್ತಲೇ ಇದ್ದರು. "ಸುಳ್ಳು ಹೇಳ್ಬೇಡ, ಬೆಲ್ ಒತ್ತಿ ಹೇಳು ನೋಡೋಣ" ಅಂದಳು. ಅಂದವಳು ಗಪ್ಪೆಂದು ಬಾಯಿ ಮುಚ್ಚಿಕೊಂಡಳು.

ಒತ್ತಲಿಲ್ಲ.

ಮೇ ೨, ಮಧ್ಯಾಹ್ನ

ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಹಳೆಯ ಫೈಲುಗಳನ್ನು ಅಳಿಸುತ್ತಿದ್ದೆ. ನಕ್ಷೆ ತೆರೆದುಕೊಂಡಿತು. ಅಳಿಸಲಿಲ್ಲ. ನೀಲಿಯ ಜಾಗದಲ್ಲಿ ನೀರಿನ ಟ್ಯಾಂಕು ಬರೆದೆ, ಇರುವುದು ಇದ್ದ ಹಾಗೆ ಇರಲಿ ಎಂದು. ನೆರಳನ್ನೂ ಆನ್ ಮಾಡಿ ನೋಡಿದೆ. ಹ್ಯಾಂಗ್ ಆಗಲಿಲ್ಲ. ಮಂಚದ ಕೆಳಗೆ ಕಪ್ಪಗೆ ಒಂದು ಚೌಕ ಬಿತ್ತು. ಮಂಚ ನೆಲದ ಮೇಲೇ ಇದೆ. ಇಷ್ಟು ದಿನ ತೇಲುತ್ತಿತ್ತು.

ನಾದಿನಿ ಔಷಧಿಗೆಂದು ಹೊರಗೆ ಹೋಗಿದ್ದಾಳೆ. ಬೆಳಿಗ್ಗೆಯಿಂದ ಇವರು ಶಾಂತವಾಗಿದ್ದಾರೆ. ಸ್ನಾನ ಮಾಡಿಸಿದಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಏನ್ರೀ ಅಂದೆ. ರೆಪ್ಪೆ ಮುಚ್ಚಲೇ ಇಲ್ಲ. ಆಮೇಲೆ ಪುಸ್ತಕದ ಕಡೆ ಕಣ್ಣು. ಓದಲಾ? ಹೌದು. ಪೂರ್ತಿ ಓದಿಸಿಕೊಂಡರು. ಒಮ್ಮೆಯೂ ಬೆಲ್ ಒತ್ತದೆ.

ಬೆಲ್ಲು. ಕಫ ಇರಬೇಕು, ಎದ್ದೆ —

ನಿಲ್ಲುತ್ತಿಲ್ಲ. ಬೆರಳು ತೆಗೆದಿಲ್ಲ. ಅಷ್ಟು ಹೊತ್ತು ಒತ್ತಿ ಹಿಡಿಯುವ ಶಕ್ತಿ ಎಲ್ಲಿಂದ... ಫೋನ್, ಫೋನ್ ಎಲ್ಲಿ