ಬೋರತ್ತೆಯ ಸ್ಟೌ ಬಿಲ್ಲು

ಹಳೇಬೀಡು
೮-೩-೧೯೯೮

ಪ್ರೀತಿಯ ತಮ್ಮ ಧರ್ಮೂ,

ಗಂಟಲು ನೋವು ಹೇಗಿದೆ? ಧಾರವಾಡದ ಧೂಳಿಗೆ ಬಿಸಿನೀರೇ ಕುಡಿ. ಹೆಂಡತಿ ಹೇಳಿದರೆ ಕೇಳುವವನಲ್ಲ ನೀನು, ಅಕ್ಕ ಹೇಳಿದಳೆಂದಾದರೂ ಕೇಳು. ಇಲ್ಲಿ ನಾನೂ ನನ್ನ ಸ್ಕೂಲಿನ ಮಕ್ಕಳೂ ಚೆನ್ನಾಗಿದ್ದೇವೆ. ಫೆಬ್ರವರಿ ಸಂಬಳದಲ್ಲಿ ಇನ್‌ಕಂ ಟ್ಯಾಕ್ಸ್ ಹಿಡಿದಿರುತ್ತಾರೆ. ನೀನು ಬ್ಯಾಂಕಿನವನು, ನನಗಿಂತ ಜಾಸ್ತಿಯೇ ಹೋಗಿರುತ್ತೆ, ಸಿಡಿಮಿಡಿ ಅಂತ ಕೂತಿರುತ್ತೀಯ.

ಆ ಸಿಡಿಮಿಡಿಯ ವಿಷಯಕ್ಕೇ ಬರುತ್ತೇನೆ. ನೀನು ಸಂಕ್ರಾಂತಿಗೆ ಬಂದಾಗ ಬೋರತ್ತೆ ವಿಧವಾ ವೇತನದ ಅರ್ಜಿ ತುಂಬಿಕೊಡು ಅಂದಳಲ್ಲ, ಆಗ ನೀನು "ಟ್ಯಾಕ್ಸ್ ಕಟ್ಟೋರು ನಾವು, ಕೂತು ಉಣ್ಣೋರು ನೀವು" ಅಂದೆ. ನಗುತ್ತಲೇ ಅಂದೆ, ನಿಜ. ಆದರೆ ಅಪ್ಪ ಅಮ್ಮ ಹೋದ ಮೇಲೆ ದೇವಸ್ಥಾನದ ಮುಂದೆ ಬೇಯಿಸಿದ ಕಡಲೆಕಾಯಿ ಮಾರಿ ನಮ್ಮಿಬ್ಬರನ್ನೂ ಓದಿಸಿದವಳಿಗೆ ಆ ಮಾತೇ? ಮಾರಾಯ, ನಿನ್ನ ಬಾಯಿಗೊಂದು ಬೀಗ ಬೇಡವೇನೋ? ನೀನು ಬಸ್ಸು ಹತ್ತಿದ ಮೇಲೆ ಅರ್ಜಿಯನ್ನು ಒಲೆಗೆ ಹಾಕಿದಳು. ಅಷ್ಟಕ್ಕೇ ಬಿಡಲಿಲ್ಲ. ಮೊನ್ನೆ ನನಗೂ ಹೇಳದೆ ಬೇಲೂರಿಗೆ ಹೋಗಿ, ಯಾವುದೋ ಕಚೇರಿಯ ಕಿಟಕಿಯ ಮುಂದೆ ಸೆರಗಿನ ಗಂಟು ಬಿಚ್ಚಿ, "ನನ್ ಟ್ಯಾಕ್ಸ್ ತಗಳ್ಳಿ ಸ್ವಾಮಿ, ರಸೀತಿ ಕೊಡಿ" ಅಂದಳಂತೆ. ಹೊಲದವರು ಕಂದಾಯ ಕಟ್ಟಿದ ಹಾಗೆ ಇದನ್ನೂ ಕಟ್ಟಿಬರಬಹುದು ಅಂತ ಅವಳ ಲೆಕ್ಕ. ಅವರು ಪಾಪ, ನಿಮಗೆ ಟ್ಯಾಕ್ಸ್ ಬರಲ್ಲ ಅಜ್ಜಿ ಅಂತ ಒಳ್ಳೆಯ ಮಾತಲ್ಲೇ ಕಳಿಸಿದ್ದಾರೆ. ಮನೆಗೆ ಬಂದು, "ನನ್ ದುಡ್ಡು ಸರ್ಕಾರಕ್ಕೂ ಬ್ಯಾಡ್ವಂತೆ ಕಣವ್ವ" ಅಂತ ಅತ್ತಳು.

ನಿನ್ನೆ ಅವಳಿಗೊಂದು ಸ್ಟೌ ಕೊಳ್ಳಲು ಇಬ್ಬರೂ ಅರಸೀಕೆರೆಗೆ ಹೋಗಿದ್ದೆವು. ಅಂಗಡಿಯವನು ಬಿಲ್ಲು ಬೇಡ ಅಂದರೆ ಕಡಿಮೆ ಮಾಡಿಕೊಡ್ತೀನಿ ಅಂದ. ಯಾಕೆ ಕಡಿಮೆ ಅಂತ ಅತ್ತೆ ಕೇಳಿದಳು. ಸೇಲ್ಸ್ ಟ್ಯಾಕ್ಸ್ ಅತ್ತೆ, ಸರ್ಕಾರಕ್ಕೆ ಹೋಗೋದು, ನೀನು ಕೊಳ್ಳುವ ಸೋಪಿನಲ್ಲೂ ಸೇರಿರುತ್ತೆ ಅಂತ ನಾನು ಹೇಳಿದೆ. ಅವಳ ಮುಖ ನೋಡಬೇಕಿತ್ತು! "ಹಂಗಾರೆ ಬಿಲ್ಲೇ ಕೊಡಪ್ಪ" ಅಂತ ಪೂರ್ತಿ ದುಡ್ಡು ಎಣಿಸಿಕೊಟ್ಟಳು. ಬರುವಾಗ ಬಸ್ಸಿನಲ್ಲಿ ನಾನು ಅದನ್ನೇ ಯೋಚಿಸುತ್ತಿದ್ದೆ. ನಮ್ಮದು ಸಂಬಳದಲ್ಲಿ ಕಣ್ಣಿಗೆ ಕಾಣುವ ಹಾಗೆ ಹಿಡಿಯುತ್ತಾರೆ, ಕೂಗಾಡುತ್ತೇವೆ. ಅವಳದು ಬೆಲೆಯೊಳಗೇ ಕರಗಿರುತ್ತೆ, ಅವಳಿಗೂ ಗೊತ್ತಿಲ್ಲ, ನಮಗೂ ನೆನಪಿಲ್ಲ. ನಮ್ಮನ್ನು "ನಿಮ್ಮ ದುಡಿಮೆ ಎಷ್ಟು" ಅಂತ ಕೇಳಿ ಆಮೇಲೆ ಹಿಡಿಯುತ್ತಾರೆ. ಅವಳನ್ನು ಯಾರೂ ಕೇಳುವುದಿಲ್ಲ. ಅದೇ ಸ್ಟೌವಿಗೆ ನೀನೂ ಅಷ್ಟೇ ಕೊಡಬೇಕು, ಅವಳೂ ಅಷ್ಟೇ ಕೊಡಬೇಕು. ಹಾಗಂತ ಇನ್‌ಕಂ ಟ್ಯಾಕ್ಸೇ ನ್ಯಾಯ ಅಂದುಬಿಡೋಣವೆಂದರೆ, ಜಾವಗಲ್ಲಿನ ಗಂಗಾಧರಪ್ಪನವರ ನೆನಪಾಯಿತು. ಅಷ್ಟು ದೊಡ್ಡ ತೆಂಗಿನ ತೋಟ, ಬೇಸಾಯದ ಆದಾಯ ಅಂತ ಇನ್‌ಕಂ ಟ್ಯಾಕ್ಸೇ ಇಲ್ಲ. ಅವರು ಸರ್ಕಾರದ ಕೈಗೆ ಸಿಕ್ಕುವುದು ಕಾರು ಕೊಂಡು ಸೇಲ್ಸ್ ಟ್ಯಾಕ್ಸ್ ಕೊಟ್ಟಾಗ ಮಾತ್ರ. ನನಗೆ ಪೂರ್ತಿ ಬಗೆಹರಿಯಲಿಲ್ಲ. ಆದರೂ ಉಳ್ಳವರನ್ನು ಕೇಳಿ ತೆಗೆದುಕೊಳ್ಳುವುದೇ ಮೇಲು ಅನ್ನಿಸುತ್ತೆ. ನೀನೇನಂತೀಯ?

ಮಾಲಿನಿಯನ್ನು ಕೇಳಿದೆ ಅಂತ ಹೇಳು. ನೀವಿಬ್ಬರೂ ತಣ್ಣಗಿರಿ.

ನಿನ್ನ ಅಕ್ಕ,
ಲತಾಮಣಿ

ಮರೆತಿದ್ದೆ: ಸ್ಟೌ ಬಿಲ್ಲು ಈ ಕವರಿನಲ್ಲೇ ಇದೆ. ಸರ್ಕಾರದ್ದು ಎಲ್ಲೈತೆ ಅಂತ ಕೇಳಿ, ಅತ್ತೆ ಸೇಲ್ಸ್ ಟ್ಯಾಕ್ಸ್ ಬರೆದ ಸಾಲಿನ ಮೇಲೆ ಅರಿಸಿನದ ಬೆರಳು ಒತ್ತಿದ್ದಾಳೆ. ಹೊಸ ಅರ್ಜಿಯನ್ನೂ ತಂದಿಟ್ಟಿದ್ದೇನೆ, ನನ್ನ ಕೈಲಿ ತುಂಬಿಸಲು ಒಪ್ಪುತ್ತಿಲ್ಲ. ಬಿಲ್ಲನ್ನು ಅಂಚೆಯಲ್ಲಿ ವಾಪಸ್ ಕಳಿಸಬೇಡ. "ಧರ್ಮೂ ಓದ್ಲಿ. ಓದ್ಬುಟ್ಟು ಅವ್ನೇ ಬಂದು ನನ್ ಕೈಗೆ ಕೊಡ್ಲಿ" ಅಂದಿದ್ದಾಳೆ.