ಕೊನೆಯ ಪುಟ ಅಂದುಕೊಂಡಿದ್ದು

ಮುದ್ದಿನ ತಮ್ಮನಿಗೆ,

ನೀನು ಓದುವುದಿಲ್ಲ ಅಂತ ಗೊತ್ತು. ಆದರೂ ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಹುಡುಗಿಯರು ರಾಕ್ ಬ್ಯಾಂಡ್ ಕಟ್ಟುವ ಜಪಾನಿ ಕಾಮಿಕ್ಸ್ ಪುಸ್ತಕಗಳನ್ನು ಓದೀ ಓದೀ ನಿನ್ನ ಮಗಳೂ ಗೆಳತಿಯರ ಜೊತೆ ಬ್ಯಾಂಡ್ ಕಟ್ಟಿದ್ದಾಳೆ. ಇವತ್ತು ಪಕ್ಕದ ಊರಲ್ಲಿ ಅವರ ಮೊದಲ ಕಾರ್ಯಕ್ರಮ. ನಿನ್ನ ಗಿಟಾರನ್ನೇ ಹೊತ್ತುಕೊಂಡು ಹೋದಳು.

ಕತೆಯ ಹುಡುಗಿಯರಿಗೆ ಕೊನೆಗೆ ಏನಾಯಿತೋ ಅಂತ ಬೆಳಿಗ್ಗೆಯಿಂದ ನನಗೆ ಒಂದೇ ದಿಗಿಲು. ಅವಳ ಕಪಾಟಿನಿಂದ ಕೊನೆಯ ಪುಸ್ತಕ ತೆಗೆದು ಕೊನೆಯ ಪುಟ ನೋಡಿದೆ. ಎಲ್ಲರೂ ನಗುತ್ತಾ ನಿಂತಿದ್ದರು. ಹೋದ ಜೀವ ಬಂದಂತಾಯಿತು.

"ಅಯ್ಯೋ ಅತ್ತೆ, ಅದು ಮೊದಲನೇ ಪುಟ! ಈ ಪುಸ್ತಕಾನ ಬಲಗಡೆಯಿಂದ ಓದಬೇಕು" ಅಂತ ಬಿದ್ದು ಬಿದ್ದು ನಕ್ಕಳು.

"ಹಾಗಾದ್ರೆ ಕೊನೆಗೆ ಏನಾಗುತ್ತೇ?"

"ಕತೆ ಇನ್ನೂ ಮುಗಿದಿಲ್ಲ, ಅತ್ತೆ."

ಅಷ್ಟರಲ್ಲಿ ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು.

"ಓಡಿಸೋರು ಯಾರೇ?"

"ಡ್ರಮ್ಸ್ ಬಾರಿಸೋಳ ಅಣ್ಣ. ನಿಧಾನಕ್ಕೇ ಹೋಗ್ತೀವಿ, ನೀನು ಹೆದರಬೇಡ."

ಅಪಘಾತದ ದಿನ ವ್ಯಾನು ಹತ್ತುವಾಗ ನೀನೂ ಇದನ್ನೇ ಹೇಳಿದ್ದೆ. ಅದನ್ನು ಅವಳಿಗೆ ಹೇಗೆ ಹೇಳಲಿ? ನಗುನಗುತ್ತಲೇ "ಹೋಗಿ ಬಾ" ಅಂದೆ.

ವ್ಯಾನು ತಿರುವು ದಾಟಿ ಆಗಲೇ ಎಷ್ಟೋ ಹೊತ್ತಾಯಿತು. ಬಾಗಿಲು ಹಾಕೋಕೆ ಧೈರ್ಯ ಬರ್ತಿಲ್ಲ ಕಣೋ.

ನಿನ್ನ ಅಕ್ಕ