ಹವ್ವಮ್ಮಜ್ಜಿ ನಕ್ಕ ಫೋಟೋ

ಉಪ್ಪಳ
9 ಜುಲೈ 2017, ಆದಿತ್ಯವಾರ

ಪ್ರೀತಿಯ ಸಫ್ನಾ,

ನೀನು ಮೊದಲು ಅಜ್ಮಲನ ಬ್ಯಾಗು ಇಡೀ ಹುಡುಕಿ ಆಮೇಲೆ ಈ ಕಾಗದ ಬಿಡಿಸಿರುತ್ತೀ ಅಂತ ನನಗೆ ಗೊತ್ತುಂಟು. ಹಾಗಾಗಿ ಸುತ್ತಿ ಬಳಸುವುದಿಲ್ಲ. ನಿನ್ನ ತಮ್ಮನ ಕೈಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಉಂಟು, ಹಲಸಿನ ಹಪ್ಪಳ ಉಂಟು, ನಿನ್ನ ಉಮ್ಮ ಹೊಲಿಸಿದ ಅಂಗಿ ಉಂಟು. ನೀನು ಕೇಳಿದ ಫೋಟೋ ಇಲ್ಲ.

ಅಜ್ಜಿ ತೀರಿಕೊಂಡ ಮಾರ್ಚಿನಿಂದ ನೀನು ಶಾರ್ಜಾದಿಂದ ಫೋನು ಮಾಡಿದಾಗಲೆಲ್ಲ ಒಂದೇ ಮಾತು. ಮಣ್ಣಿಗೂ ಬರಲಿಕ್ಕೆ ಆಗಲಿಲ್ಲ, ಗೋಡೆಯಲ್ಲಿ ಮುಖವಾದರೂ ಇರಲಿ, ದೊಡ್ಡದು ಮಾಡಿ ಫ್ರೇಮು ಹಾಕಿಸಿ ಕಳಿಸು ಅಂತ. ನಾನು ಹೂಂ ಹೂಂ ಅಂದೆ. ಮೇ ಹದಿನೈದರ ಮೇಲೆ ಅಂದ ಹೂಂ ಎಲ್ಲ ಸುಳ್ಳು ಮಾರಾಯ್ತಿ.

ಹವ್ವಮ್ಮಜ್ಜಿ ಕ್ಯಾಮೆರಾ ಕಂಡರೆ ತಲೆವಸ್ತ್ರ ಮೂಗಿನವರೆಗೆ ಎಳೆಯುವ ಹೆಂಗಸು. ಆಧಾರಿನಲ್ಲಿ ಇರುವುದು ಒಂದು ಕಪ್ಪು ಮಸಿ, ಅದು ಅವರೇ ಅಂತ ಹೆಸರು ಓದಿ ನಂಬಬೇಕು. ಎರಡು ವರ್ಷದ ಹಿಂದೆ ರೇಷನ್ ಕಾರ್ಡು ಹೊಸತು ಮಾಡುವಾಗ ಮನೆಯ ಹಿರಿ ಹೆಂಗಸಿನ ಫೋಟೋ ಬೇಕು ಅಂತ ಸರಕಾರ ಹಟ ಹಿಡಿದದ್ದಕ್ಕೆ ನನ್ನ ಸ್ಟುಡಿಯೋದ ಮೆಟ್ಟಿಲು ಹತ್ತಿದರು. ಸ್ಟೂಲಿನಲ್ಲಿ ಕೂತು ನನ್ನನ್ನೇ ತಮಾಷೆ ಮಾಡಿದರು. ಶಾಲೆಗೆ ಹೋಗುವಾಗ ನಾನೂ ನೀನೂ ಗೇರುಬೀಜ ಕದ್ದು ಅವರ ಅಕ್ಕಿಡಬ್ಬದಲ್ಲಿ ಅಡಗಿಸಿದ್ದು ಸರಕಾರಕ್ಕೆ ಗೊತ್ತಾದರೆ ಕಾರ್ಡು ಸಿಗುತ್ತದಾ ಅಂತ ಕೇಳಿ, ನಾನು ಉತ್ತರ ಕೊಡುವ ಮೊದಲೇ ನಕ್ಕರು. ಒತ್ತಿದೆ. ಆಮೇಲೆ ಬಾಯಿ ಮುಚ್ಚಿದ್ದು ಇನ್ನೊಂದು ತೆಗೆದೆ, ಫಾರಮಿಗೆ. ನಿನಗೆ ನಾನು ಹೇಳಿದ್ದು ಆ ನಕ್ಕದ್ದರ ವಿಷಯ.

ಮೇ ಹದಿನೈದು, ಸೋಮವಾರ. ಶಟರು ಎತ್ತಿ ಕಂಪ್ಯೂಟರು ಹಾಕಿದರೆ ಸ್ಕ್ರೀನು ಇಡೀ ಕೆಂಪು. ಬೀಗದ ಚಿತ್ರ, ಬದಿಯಲ್ಲಿ ಹಿಂದೆ ಹಿಂದೆ ಓಡುವ ಎರಡು ಗಡಿಯಾರ. ನಿನ್ನ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಡಾಲರು ಕಳಿಸಿದರೆ ಕೀ ಕೊಡುತ್ತೇವೆ, ಏಳು ದಿನ ದಾಟಿದರೆ ಅದೂ ಇಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಅಳುವುದು ಬಿಟ್ಟು ಮೇಲೆ ಮೂಲೆಯಲ್ಲಿದ್ದ ಭಾಷೆಗಳ ಪಟ್ಟಿ ಬಿಡಿಸಿ ಎಣಿಸಿದೆ. ಇಪ್ಪತ್ತೆಂಟು! ಕೊರಿಯಾದ್ದು ಉಂಟು, ಟರ್ಕಿದ್ದು ಉಂಟು. ಕನ್ನಡ ಇಲ್ಲ, ಮಲಯಾಳ ಇಲ್ಲ, ನೀನಿರುವಲ್ಲಿಯ ಅರಬ್ಬಿ ಸಹ ಇಲ್ಲ. ಉಪ್ಪಳ ಅಂತ ಒಂದು ಊರು ಉಂಟು ಅಂತಲೇ ಆ ಕಳ್ಳನಿಗೆ ಗೊತ್ತಿಲ್ಲ, ಮತ್ತೆ ನನ್ನ ಅಂಗಡಿಗೆ ಹೇಗೆ ಬಂದ? ಅದೇ ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು.

ಮಂಗಳೂರಲ್ಲಿ ಕಂಪ್ಯೂಟರು ರಿಪೇರಿ ಮಾಡುವ ನನ್ನ ಮಾವನ ಮಗ ಅಶ್ವಿತ್‌ನನ್ನು ಕರೆಸಿದೆ. ಅವನು ಹೇಳಿದ್ದು ಕೇಳಿ ನನಗೆ ಹೆದರಿಕೆಗಿಂತ ಆಶ್ಚರ್ಯವೇ ಜಾಸ್ತಿ ಆಯಿತು. ಇಂಗ್ಲೆಂಡಿನ ಆಸ್ಪತ್ರೆಗಳಿಗೂ ಅದೇ ಕೆಂಪು ಪರದೆಯಂತೆ. ನಮ್ಮ ಕೇರಳದ ಕೆಲವು ಪಂಚಾಯತ್ ಆಫೀಸುಗಳಿಗೂ ಅಂತ ಪೇಪರಿನಲ್ಲಿ ಬಂತು. ಯಾರೂ ಏನೂ ಒತ್ತಬೇಕಂತ ಇಲ್ಲ, ಇಂಟರ್ನೆಟ್ಟಿನಲ್ಲಿ ತಾನೇ ಬಾಗಿಲು ಹುಡುಕುತ್ತಾ ಹೋಗುತ್ತದಂತೆ, ತೆರೆದದ್ದು ಸಿಕ್ಕಿದರೆ ನುಗ್ಗುತ್ತದಂತೆ. ಹಣ ಕಟ್ಟಿದವರಿಗೂ ಕೀ ಸಿಗುತ್ತದೆ ಅಂತ ನಂಬಿಕೆ ಇಲ್ಲ ಅಂದ. ಕಾಪಿ ಇಟ್ಟಿದ್ದ ಡಿಸ್ಕನ್ನು ನಾನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟಿದ್ದೆ, ಅದಕ್ಕೂ ಬೀಗ. ಫೋಟೋದ ಹೆಸರು ಮಾತ್ರ ಕಾಣುತ್ತದೆ, ಅದರ ಕೊನೆಗೆ ಏನೋ ಇಂಗ್ಲಿಷ್ ಅಕ್ಷರಗಳ ಒಂದು ಬಾಲ ಅಂಟಿದೆ. ಒತ್ತಿದರೆ ತೆರೆಯುವುದಿಲ್ಲ. ದಿನಾ ಬೆಳಿಗ್ಗೆ ಒತ್ತಿ ನೋಡುತ್ತಿದ್ದೆ.

ಇಷ್ಟರವರೆಗೆ ಓದಿದರೆ ಪಾಪ ಹರಿಣಾಕ್ಷಿ ಅನಿಸೀತು. ಅನಿಸುವುದು ಬೇಡ. ಆ ಬಾಗಿಲು ಮುಚ್ಚುವ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು. ನಾನು ಅಪ್‌ಡೇಟ್ ಬಂದ್ ಮಾಡಿಟ್ಟು ಮೂರು ವರ್ಷ ಆಗಿತ್ತು. ಒಮ್ಮೆ ಅಪ್‌ಡೇಟ್ ಆಗಿ ಕನ್ನಡ ಅಕ್ಷರವೆಲ್ಲ ಚೌಕ ಚೌಕ ಆಗಿ, ದಮಯಂತಿ ಟೀಚರ ಮಗಳ ಮದುವೆ ಕಾಗದದಲ್ಲಿ ಮದುಮಗನ ಹೆಸರೇ ಹೋಯಿತು. ಅವತ್ತು ಬಂದ್ ಮಾಡಿದವಳು ಮತ್ತೆ ತೆರೆಯಲಿಲ್ಲ. ಸಾಫ್ಟ್‌ವೇರೂ ದುಡ್ಡು ಕೊಟ್ಟು ತಂದದ್ದಲ್ಲ. ಈ ಗಡಿಯಲ್ಲಿ ಕನ್ನಡದಲ್ಲಿ ಕಾಗದ ಅಚ್ಚು ಮಾಡಿಕೊಡುವವಳು ನಾನೊಬ್ಬಳು ಅಂತ ಒಂದು ಹೆಮ್ಮೆ ಇತ್ತು. ಆ ಹೆಮ್ಮೆಯಲ್ಲಿ ನಿನ್ನ ಅಜ್ಜಿಯ ನಗು ಹೋಯಿತು. ಕಳ್ಳನಿಗೆ ಬೈದು ಬೈದು ಸಾಕಾಗಿ ಈಗ ನಿನ್ನ ಎದುರು ತಲೆ ತಗ್ಗಿಸಿ ಕೂತಿದ್ದೇನೆ. ಬೈಯಬೇಕಾದರೆ ಬೈ, ಫೋನು ಮಾತ್ರ ನಿಲ್ಲಿಸಬೇಡ.

ಇಷ್ಟು ಫೋನಿನಲ್ಲಿ ಹೇಳಲಿಕ್ಕೆ ನನಗೆ ಧೈರ್ಯ ಬರಲಿಲ್ಲ. ಕಂಪ್ಯೂಟರಿನಲ್ಲಿ ಹೊಡೆಯಲಿಕ್ಕೂ ಮನಸ್ಸಾಗಲಿಲ್ಲ, ಕೈಯಲ್ಲೇ ಬರೆದೆ.

ನಾಲ್ಕನೇ ಕ್ಲಾಸಿನಿಂದ ನಿನ್ನ ಬೆಂಚಿನವಳು,
ಹರಿಣಾಕ್ಷಿ

ಮರೆತದ್ದಲ್ಲ, ಬಚ್ಚಿಟ್ಟದ್ದು: ಆ ದಿನ ಫೋಟೋ ನೋಡಿ ಅಜ್ಜಿ ನನ್ನ ಕೈ ಹಿಡಿದು, ನಕ್ಕದ್ದನ್ನು ಅಳಿಸು ಅಂದಿದ್ದರು. ಇದನ್ನು ಕಳಿಸಿದರೆ ಸಫ್ನಾ ಇದನ್ನೇ ನೋಡಿಕೊಂಡು ಅಲ್ಲೇ ಕೂರುತ್ತಾಳೆ, ನೋಡಬೇಕಾದರೆ ಬರಲಿ ಅಂದರು. ಅಳಿಸುತ್ತೇನೆ ಅಂತ ಮಾತು ಕೊಟ್ಟೆ, ಅಳಿಸಲಿಲ್ಲ, ಅಜ್ಜಿ ಹೀಗೆ ಅಂದದ್ದನ್ನು ನಿನಗೆ ಹೇಳಲೂ ಇಲ್ಲ. ನೀನಾಗಲೇ ಊರಿಗೆ ಬಾರದೆ ಎರಡು ವರ್ಷ ಆಗಿತ್ತು. ಈಗ ನಾಲ್ಕು.

ನಿನ್ನೆ ನಿನ್ನ ಉಮ್ಮ ಹೊಸ ರೇಷನ್ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಲಿಕ್ಕೆ ತಂದರು. ಎರಡು ವರ್ಷ ಕಾಯಿಸಿ ಅದೀಗ ಬಂತು. ಅಂದು ಗಡಿಬಿಡಿಯಲ್ಲಿ ನಾನು ಫಾರಮಿಗೆ ಅಂಟಿಸಿದ್ದು ಯಾವುದು ಗೊತ್ತುಂಟಾ? ಕಾರ್ಡಿನ ಮೇಲೆ ಹವ್ವಮ್ಮಜ್ಜಿ ಹಲ್ಲು ಬಿಟ್ಟು ನಗುತ್ತಿದ್ದಾರೆ. ನಿನ್ನ ಉಮ್ಮ ಮತ್ತು ನಾನು ಅಂಗಡಿಯಲ್ಲೇ ಅತ್ತೆವು.

ಕಾರ್ಡು ಅಜ್ಮಲನ ಕೈಯಲ್ಲಿ ಕಳಿಸಲಿಕ್ಕೆ ಆಗುವುದಿಲ್ಲ, ಇಲ್ಲಿ ಅಕ್ಕಿ ತರಬೇಕು. ಮೊಬೈಲಿನಲ್ಲಿ ಅದರ ಫೋಟೋ ತೆಗೆದು ನಿನಗೆ ಕಳಿಸುವುದು ಒಂದು ನಿಮಿಷದ ಕೆಲಸ. ನಾನು ಕಳಿಸುವುದಿಲ್ಲ, ನಿನ್ನ ಉಮ್ಮನಿಗೂ ಹೇಳಿದ್ದೇನೆ. ನೋಡಬೇಕಾದರೆ ಬಾ.